ಬಲಗಡೆ ಬಿದ್ದ ಕಮೀಲಿಯಾ

ದೇವರನ್ನು ಪ್ರಶ್ನೆ ಕೇಳುವುದು ಕಷ್ಟವಲ್ಲ. ಉತ್ತರ ಬರುವುದೂ ಕಷ್ಟವಲ್ಲ. ಭಕ್ತಿಯಿಂದ ಕೇಳಿದವರಿಗೆ ಇವತ್ತಲ್ಲ ನಾಳೆ ಬಂದೇ ಬರುತ್ತದೆ. ಆ ಉತ್ತರವನ್ನು ಹೊತ್ತುಕೊಂಡು ಲೋವರ್ ಹಟ್‌ನಂಥ ಊರಿನಲ್ಲಿ ವಾರವಿಡೀ ಓಡಾಡುವುದಿದೆಯಲ್ಲ, ಅದು ಕಷ್ಟ. ಎಷ್ಟು ಕಷ್ಟ ಎಂದು ತಿಳಿಯಬೇಕಾದರೆ ಚಿದಾನಂದನ ಸಂಗತಿ ಕೇಳಬೇಕು.

ಚಿದಾನಂದ ಮೈಸೂರಿನ ಕಡೆಯವನು. ವೆಲ್ಲಿಂಗ್ಟನ್ನಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ, ಹಟ್‌ನ ಗುಡ್ಡದ ಮೇಲೆ ಮನೆ, ಮನೆಯಲ್ಲಿ ಹೆಂಡತಿ ವಾಸಂತಿ ಮತ್ತು ತಾಯಿ ಶಾಂತಮ್ಮ. ಮನುಷ್ಯ ಸಾಧು. ಜನ್ಮದಲ್ಲಿ ಯಾರಿಗೂ ಎದುರಿಗೆ ‘ಇಲ್ಲ’ ಅಂದವನಲ್ಲ. ಊಟಕ್ಕೆ ಕರೆದರೆ ‘ನೋಡೋಣ’, ಸಾಲ ಕೇಳಿದರೆ ‘ನೋಡೋಣ’. ನಮ್ಮ ಜನದಲ್ಲಿ ‘ನೋಡೋಣ’ ಅಂದರೆ ಆಗುವುದಿಲ್ಲ ಎಂದು ತೊಟ್ಟಿಲ ಮಗುವಿಗೂ ಗೊತ್ತು. ಆದರೆ ಕೀವಿಗಳು, ಅಂದರೆ ಈ ದೇಶದವರು, ನಂಬುವ ಜನ. ನೋಡೋಣ ಅಂದರೆ ಪಾಪ, ನೋಡುತ್ತಾನೆ ಅಂತಲೇ ತಿಳಿದುಕೊಳ್ಳುತ್ತಾರೆ.

ಇಂಥವನು ರಾಜಕೀಯಕ್ಕೆ ಬಂದದ್ದು ಒಂದು ಕಂಬದ ದೆಸೆಯಿಂದ. ಅವನ ಮನೆಯೆದುರಿನ ಫುಟ್‌ಪಾತಿನ ನಟ್ಟನಡುವೆ ಒಂದು ಕಬ್ಬಿಣದ ಕಂಬ ನಿಂತಿತ್ತು. ಅದರ ಮೇಲೆ ಏನೂ ಇರಲಿಲ್ಲ, ಅದರಿಂದ ಯಾರಿಗೂ ಉಪಯೋಗವಿರಲಿಲ್ಲ. ಚಿದಾನಂದ ಒಂದು ಸೋಮವಾರ ಕೌನ್ಸಿಲ್ಲಿಗೆ ಇಮೇಲ್ ಬರೆದ. ಬರೆದು, ಕಾಗುಣಿತ ತಿದ್ದಿ, ಕಳಿಸಲು ಮರೆತ. ಬುಧವಾರ ಕೌನ್ಸಿಲ್ಲಿನವರು ತಮ್ಮದೇ ಯಾವುದೋ ಕಾರಣಕ್ಕೆ ಬಂದು ಕಂಬ ಕಿತ್ತುಕೊಂಡು ಹೋದರು.

ಪಕ್ಕದ ಬೀದಿಯ ರಾಮಮೂರ್ತಿಗಳು ಅದನ್ನು ಕಣ್ಣಾರೆ ಕಂಡರು. ಅವರು ಬ್ಯಾಂಕಿನಿಂದ ನಿವೃತ್ತರಾಗಿ ಮಗಳ ಮನೆಯಲ್ಲಿದ್ದರು. ಇಡೀ ಗುಡ್ಡದ ಆಗುಹೋಗುಗಳು ಅವರ ಸುಪರ್ದಿಯಲ್ಲಿದ್ದವು. “ಬರೀ ಬರೆದಿದ್ದಕ್ಕೇ ಕಂಬ ಎದ್ದುಹೋಯ್ತು ಅಂದ್ರೆ, ಚಿದಾನಂದ, ನೀನು ಕೂತು ಮಾತಾಡಿದ್ರೆ ಏನೇನು ಏಳಬಹುದು ಯೋಚನೆ ಮಾಡು,” ಅಂದರು.

ಚಿದಾನಂದ ಯೋಚನೆ ಮಾಡಿದ. ಅಲ್ಲಿಗೆ ಕೆಟ್ಟಿತು.

ಆ ವರ್ಷ ಕೌನ್ಸಿಲ್ ಚುನಾವಣೆ. ಗುಡ್ಡದ ವಾರ್ಡಿನಲ್ಲಿ ಒಂದು ಸಣ್ಣ ಸ್ಥಳೀಯ ಪಕ್ಷವಿತ್ತು. ಅದರ ಇಂಗ್ಲಿಷ್ ಹೆಸರು ಉದ್ದ. ನಮ್ಮವರು ಗುಡ್ಡದ ಪಕ್ಷ ಅನ್ನುತ್ತಿದ್ದರು. ಗುಡ್ಡದಿಂದ ರೈಲ್ವೆ ಸ್ಟೇಷನ್ನಿಗೆ ಇಳಿಯುವ ಬಸ್ಸನ್ನು ನಿಲ್ಲಿಸುತ್ತಾರಂತೆ ಎಂಬ ಸುದ್ದಿ ಹಬ್ಬಿದಾಗ ಹುಟ್ಟಿದ ಪಕ್ಷ ಅದು. ಬಸ್ಸು ಉಳಿಸುವುದೇ ಅದರ ಧರ್ಮ, ಅರ್ಥ, ಕಾಮ, ಮೋಕ್ಷ. ಚುನಾವಣೆಗೆ ಯಾರನ್ನು ನಿಲ್ಲಿಸಬೇಕೆಂದು ಸದಸ್ಯರೇ ಸಭೆ ಸೇರಿ ಮತ ಹಾಕಿ ಆರಿಸುವುದು ಪದ್ಧತಿ. ಈ ಸಲ ಆಕಾಂಕ್ಷಿಗಳು ಇಬ್ಬರು. ಒಬ್ಬ ಚಿದಾನಂದ. ಇನ್ನೊಬ್ಬಳು ಹುಬ್ಬಳ್ಳಿಯ ಜಯಲಕ್ಷ್ಮಿ, ಆಸ್ಪತ್ರೆಯಲ್ಲಿ ನರ್ಸು.

ಕೀವಿಗಳು ಈ ಪೈಪೋಟಿಯನ್ನು ಸಮಾಧಾನದಿಂದ ನೋಡಿದರು. ನಮ್ಮವರಿಗೆ ಸಮಾಧಾನ ಎಲ್ಲಿಂದ ಬರಬೇಕು? ಗುಡ್ಡದ ಕನ್ನಡದ ಮನೆಗಳು ಎರಡು ಪಾಳಯವಾದವು. ಚಿದಾನಂದನ ಕಡೆಯವರು ಚಿತ್ರಾನ್ನ ಹಂಚಿದರು, ಜಯಲಕ್ಷ್ಮಿಯ ಕಡೆಯವರು ಗಿರ್ಮಿಟ್ ಹಂಚಿದರು. ಚಿತ್ರಾನ್ನದ ಮನೆಯಲ್ಲಿ ಹುಟ್ಟಿ ಗಿರ್ಮಿಟ್ಟಿಗೆ ಒಲಿದ ಶಿವಪ್ರಸಾದ್ ಎಂಬಾತನನ್ನು ರಾಮಮೂರ್ತಿಗಳು ವಾಟ್ಸಾಪ್ ಗುಂಪಿನಿಂದಲೇ ತೆಗೆದುಹಾಕಿದರು. ಪಕ್ಷದ ಕಾರ್ಯದರ್ಶಿ ಬ್ಯಾರಿ ಮಾತ್ರ ಎರಡನ್ನೂ ತಿಂದ. ಆತ ಕೀವಿ, ನಿವೃತ್ತ ಪ್ಲಂಬರು. ನಿಷ್ಪಕ್ಷಪಾತ ಅಂದರೆ ಹೇಗಿರಬೇಕೆಂದು ಅವನನ್ನು ನೋಡಿ ಕಲಿಯಬೇಕು.

ಮತದಾನದ ಭಾನುವಾರ ಬೆಳಿಗ್ಗೆ ಶಾಂತಮ್ಮ ಸ್ನಾನ ಮಾಡಿ, ಸ್ವೆಟರಿನ ಮೇಲೆ ಸೆರಗು ಹೊದ್ದು, ದೇವರ ಮುಂದೆ ಕೂತರು. ಮನೆದೇವರು ಲಕ್ಷ್ಮೀನರಸಿಂಹ, ಗೇಣುದ್ದದ ಹಿತ್ತಾಳೆ ವಿಗ್ರಹ. ದೊಡ್ಡ ಮಾತು ಬಂದಾಗ ಆ ಮನೆಯಲ್ಲಿ ಹೂ ಪ್ರಸಾದ ಕೇಳುವ ಪದ್ಧತಿ. ದೇವರ ಎರಡು ಭುಜದ ಮೇಲೂ ಒದ್ದೆ ಹೂವಿಟ್ಟು, ಪ್ರಶ್ನೆಯನ್ನು ಮನಸ್ಸಿನಲ್ಲೇ ಹೇಳಿಕೊಂಡು ಕಾಯುವುದು. ಬಲಗಡೆಯ ಹೂ ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಚಳಿಗಾಲದ ಹಟ್‌ನಲ್ಲಿ ಮಲ್ಲಿಗೆ ಎಲ್ಲಿ ಬರಬೇಕು? ಪಕ್ಕದ ಮನೆಯ ಬೇಲಿಯಲ್ಲಿ ಕಮೀಲಿಯಾ ಬಿಟ್ಟಿತ್ತು. ಕೇಳಿ ಕಿತ್ತು ತಂದಿದ್ದರು.

ಚಿದಾನಂದ ಹಿಂದೆ ಕೈಮುಗಿದು ನಿಂತಿದ್ದ. ಶಾಂತಮ್ಮ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದರು. ಹೂವು ಅಲುಗಲಿಲ್ಲ. ಬಹಳ ಹೊತ್ತು ಅಲುಗಲಿಲ್ಲ. ಆಮೇಲೆ ಮನೆಯೇ ಅಲುಗಿತು.

ಹಟ್‌ನಲ್ಲಿ ಭೂಮಿ ನಡುಗುವುದು ದೊಡ್ಡ ಸುದ್ದಿಯಲ್ಲ. ಕಿಟಕಿ ಗಡಗಡ ಅಂದಿತು, ಕಪಾಟಿನ ಸ್ಟೀಲ್ ಡಬ್ಬಗಳು ಒಂದಕ್ಕೊಂದು ಮಾತಾಡಿದವು. ಆಫೀಸಿನ ತರಬೇತಿಯನ್ನು ತಪ್ಪದೆ ಪಾಲಿಸುವ ಚಿದಾನಂದ ಊಟದ ಮೇಜಿನ ಕೆಳಗೆ ನುಗ್ಗಿ ಅದರ ಕಾಲನ್ನು ತಬ್ಬಿಕೊಂಡ. ಶಾಂತಮ್ಮ ಕೂತಲ್ಲಿಂದ ಕದಲಲಿಲ್ಲ. ನಡುಕ ನಿಂತಿತು.

“ಬಲಗಡೆ,” ಅಂದರು ಶಾಂತಮ್ಮ.

ಚಿದಾನಂದ ಮೇಜಿನ ಕೆಳಗಿನಿಂದಲೇ ಕತ್ತು ಹೊರಳಿಸಿ ನೋಡಿದ. ದೇವರ ಬಲಗಡೆ, ಬಟ್ಟಲಿನ ಪಕ್ಕ, ಇಡೀ ಹೂವು ಮುಖ ಮೇಲೆ ಮಾಡಿ ಬಿದ್ದಿತ್ತು.

ವಾಸಂತಿ ಸೌಟು ಹಿಡಿದೇ ಅಡುಗೆಮನೆಯಿಂದ ಬಂದಳು. “ಅತ್ತೆ, ಅದು ಭೂಕಂಪಕ್ಕೆ ಬಿದ್ದಿದ್ದು.”

“ಭೂಮಿ ಅಲ್ಲಾಡಿಸೋರು ಯಾರಮ್ಮ? ಕೌನ್ಸಿಲ್‌ನೋರಾ?”

ವಾಸಂತಿ ಸೌಟು ಹಿಡಿದುಕೊಂಡೇ ಒಳಗೆ ಹೋದಳು. ಆ ಪ್ರಶ್ನೆಗೆ ಉತ್ತರ ಈ ಕಥೆ ಹೇಳುತ್ತಿರುವವರಿಗೂ ಇದುವರೆಗೆ ಹೊಳೆದಿಲ್ಲ.

“ದೇವರು ಒಪ್ಪಿಬಿಟ್ಟ,” ಅಂದ ಶಾಂತಮ್ಮನ ಮುಖದಲ್ಲಿ ದೊಡ್ಡ ಭಾರ ಇಳಿಸಿದ ನೆಮ್ಮದಿ ಇತ್ತು. ಚಿದಾನಂದ ಮೇಜಿನ ಕೆಳಗಿನಿಂದ ಹೊರಬಂದು ಹಾಗೇ ಉದ್ದಂಡ ನಮಸ್ಕಾರ ಮಾಡಿದ. ಹೇಗೂ ಅರ್ಧ ಮಲಗಿದ್ದ, ಅನುಕೂಲವೇ ಆಯಿತು.

ಮಧ್ಯಾಹ್ನ ಸಮುದಾಯ ಭವನದಲ್ಲಿ ಸಭೆ. ಬ್ಯಾರಿ ಎದ್ದು ನಿಂತು ನಿಯಮ ಹೇಳಿದ: ಮತ ಗುಪ್ತ, ಯಾರಿಗೆ ಹಾಕಿದಿರಿ ಎಂದು ಯಾರಿಗೂ ಹೇಳಬೇಕಾಗಿಲ್ಲ. ವಾಸಂತಿ ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದಳು. ಶಾಂತಮ್ಮ ಮಂತ್ರೋಪದೇಶ ಪಡೆದವರಂತೆ ತಲೆಯಾಡಿಸಿದರು. ಮತ ಹಾಕಿದ್ದಾಯಿತು, ಎಣಿಸಿದ್ದಾಯಿತು. ಜಯಲಕ್ಷ್ಮಿ ಒಂದು ಮತದಿಂದ ಗೆದ್ದಳು.

ಒಂದೇ ಒಂದು ಮತ.

ಇಂಥ ಹೊತ್ತಿಗೆ ಆ ಪಕ್ಷದಲ್ಲಿ ಒಂದು ಸಂಪ್ರದಾಯ. ಸೋತವರು ಎದ್ದು, “ಆಯ್ಕೆ ಸರ್ವಾನುಮತವಾಗಲಿ ಎಂದು ಸೂಚಿಸುತ್ತೇನೆ” ಅನ್ನಬೇಕು. ಎಲ್ಲರೂ ಕೈ ಎತ್ತುತ್ತಾರೆ, ಸೋಲು ಕರಗಿಹೋಗುತ್ತದೆ, ಚಹಾ ಬರುತ್ತದೆ. ಬ್ಯಾರಿ ನಗುತ್ತ ಚಿದಾನಂದನ ಕಡೆ ತಿರುಗಿದ. ಸಭೆಯೆಲ್ಲ ತಿರುಗಿತು.

ಚಿದಾನಂದ ನೋಡಿದ್ದು ತಾಯಿಯ ಕಡೆಗೆ. ಶಾಂತಮ್ಮ ಎರಡು ಸಾಲು ಮುಂದೆ, ಉಣ್ಣೆ ಟೋಪಿ ಹಾಕಿಕೊಂಡು ನೆಟ್ಟಗೆ ಕೂತಿದ್ದರು. ತಾನು ಈಗ ಎದ್ದು ಸೋತೆ ಅಂದರೆ ಬೆಳಿಗ್ಗೆ ಬಿದ್ದ ಹೂವಿನ ಗತಿಯೇನು? ತಾಯಿ ಜೀವಮಾನವಿಡೀ ಆ ನರಸಿಂಹನನ್ನು ಕೇಳಿಕೊಂಡೇ ಹೆಜ್ಜೆ ಇಟ್ಟವರು. ಮದುವೆಗೆ ಕೇಳಿದ್ದರು, ಗಂಡನ ಆಪರೇಷನ್ನಿಗೆ ಕೇಳಿದ್ದರು, ವಿಮಾನ ಹತ್ತಿ ಈ ದೇಶಕ್ಕೆ ಬರಲು ಕೇಳಿದ್ದರು. ಇವನು ಸೋಲೊಪ್ಪಿದರೆ ದೇವರು ಸುಳ್ಳು ಹೇಳಿದ ಹಾಗಾಗುತ್ತದೆ. ಅದೂ ತಾಯಿಯ ಎದುರಿಗೆ, ಕೀವಿಗಳ ಸಭೆಯಲ್ಲಿ.

ಅವನು ನಿಧಾನವಾಗಿ ಎದ್ದು, ಇಂಗ್ಲಿಷಿನಲ್ಲಿ, “ನೋಡೋಣ,” ಅಂದು ಕೂತುಬಿಟ್ಟ.

ಆ ಭವನದಲ್ಲಿ ಇದುವರೆಗೆ ಯಾರೂ ಹಾಗೆ ಅಂದಿರಲಿಲ್ಲ. ಬ್ಯಾರಿ ನಿಯಮಗಳನ್ನು ತಿರುವಿಹಾಕಿ, ಸಭೆಯನ್ನು ಮುಂದಿನ ಭಾನುವಾರಕ್ಕೆ ಮುಂದೂಡಿದ. ಅಷ್ಟರಲ್ಲಿ ಇತ್ಯರ್ಥವಾಗದಿದ್ದರೆ ನಾಮಪತ್ರದ ಗಡುವು ದಾಟಿ, ಪಕ್ಷಕ್ಕೆ ಅಭ್ಯರ್ಥಿಯೇ ಇರುವುದಿಲ್ಲ ಎಂದೂ ಹೇಳಿದ. ಅಂದು ಚಹಾ ಬರಲಿಲ್ಲ. ಗುಡ್ಡದ ಇತಿಹಾಸದಲ್ಲಿ ಅದೇ ಮೊದಲು.

ಸೋಮವಾರ ಬೆಳಗಾಗುವಷ್ಟರಲ್ಲಿ ಊರೆಲ್ಲ ಒಂದೇ ಕುತೂಹಲ: ಚಿದಾನಂದನ ಕೈಯಲ್ಲಿ ಏನಿದೆ? ಏನೂ ಇಲ್ಲದೆ ಅಷ್ಟು ಧೈರ್ಯವಾಗಿ ನೋಡೋಣ ಅನ್ನುವುದುಂಟೆ? ಸ್ಥಳೀಯ ಸುದ್ದಿಯ ಫೇಸ್‌ಬುಕ್ ಪುಟದಲ್ಲಿ ‘ಜಗ್ಗದ ಅಭ್ಯರ್ಥಿ’ ಎಂದು ಅವನ ಫೋಟೋ ಬಂತು. ಆಫೀಸಿನಲ್ಲಿ ಮ್ಯಾನೇಜರು ಪಕ್ಕಕ್ಕೆ ಕರೆದು, “ನಿನ್ನಲ್ಲಿ ಇಂಥ ಹೋರಾಟಗಾರ ಇದ್ದಾನೆಂದು ಗೊತ್ತಿರಲಿಲ್ಲ,” ಅಂದು ಅಂದಿನಿಂದ ಅವನಿಗೆ ಕೆಲಸ ಹೇಳುವಾಗ ‘ದಯವಿಟ್ಟು’ ಸೇರಿಸತೊಡಗಿದರು. ಯಾರೋ ವಕೀಲರು ಫೋನ್ ಮಾಡಿ, “ಮರುಎಣಿಕೆ ಕೇಳುತ್ತೀರಾ?” ಅಂದರು. ಚಿದಾನಂದ ಅವರಿಗೂ ನೋಡೋಣ ಅಂದ.

ರಾಮಮೂರ್ತಿಗಳ ಕುತೂಹಲ ಬೇರೆ ತೆರನಾದದ್ದು. ಅವರಿಗೆ ಬೇಕಾದದ್ದು ಆ ಒಂದು ಮತ.

“ಒಂದು ಮತ ಅಂದ್ರೆ ಒಬ್ಬ ಮನುಷ್ಯ,” ಅಂದರು ಅವರು, ಚಿದಾನಂದನ ಸೋಫಾದ ಮೇಲೆ ಕಾಲು ಮಡಚಿ ಕೂತು. “ನಮ್ಮ ಕಡೆಯ ತಲೆ ನಾನೇ ಎಣಿಸಿದ್ದೆ. ನಾವು ಒಂದು ಮತದಿಂದ ಗೆಲ್ಲಬೇಕಿತ್ತು. ಒಂದರಿಂದ ಸೋತ್ವಿ. ಅಂದ್ರೆ ಏನರ್ಥ? ಒಬ್ಬರು ನಮ್ಮ ಚಿತ್ರಾನ್ನ ತಿಂದು ಅಲ್ಲಿ ಹಾಕಿದ್ದಾರೆ.”

“ಶಿವಪ್ರಸಾದ್ ಇರಬಹುದಾ?” ಅಂದ ಚಿದಾನಂದ.

“ಅವನನ್ನ ಆಗಲೇ ಆ ಕಡೆ ಎಣಿಸಿದೀನಪ್ಪ. ಅವನು ಬಹಿರಂಗ ದ್ರೋಹಿ. ನನಗೆ ಬೇಕಾಗಿರೋದು ಗುಪ್ತ ದ್ರೋಹಿ.” ಅವರ ಕಣ್ಣು ಕಾಫಿ ತಂದ ವಾಸಂತಿಯ ಮೇಲೆ ಒಂದು ಗಳಿಗೆ ನಿಂತಿತು.

“ಅಂಕಲ್, ನಾನು ಇವರಿಗೇ ಹಾಕಿದ್ದು,” ಅಂದಳು ವಾಸಂತಿ. “ಬೇಕಾದ್ರೆ ಕರ್ಪೂರ ಹಚ್ಚಿ ಕೈಯಲ್ಲಿ ಆರಿಸ್ತೀನಿ. ಗೆದ್ದರೆ ಸಂಜೆ ಹೊತ್ತು ಮೀಟಿಂಗ್‌ಗೆ ಹೋಗ್ತಾರೆ, ಮನೇಲಿ ಟಿವಿ ರಿಮೋಟ್ ನನಗೆ ಸಿಗತ್ತೆ ಅಂತ ಎಷ್ಟು ಆಸೆ ಇಟ್ಕೊಂಡಿದ್ದೆ ಗೊತ್ತಾ?”

ಇಷ್ಟು ಪ್ರಾಮಾಣಿಕವಾದ ಕಾರಣ ಕೇಳಿ ರಾಮಮೂರ್ತಿಗಳು ಅವಳನ್ನು ಖುಲಾಸೆ ಮಾಡಿದರು. ಆಮೇಲೆ ಮನೆಮನೆಗೆ ಹೋದರು. ಎಲ್ಲ ಕಡೆ ಕಾಫಿ ಕುಡಿದು ಮುಖ ನೋಡಿದರು. ಯಾರು ಕಣ್ಣು ತಪ್ಪಿಸುತ್ತಾರೋ ಅವರೇ ಎಂಬುದು ಅವರ ಸಿದ್ಧಾಂತ. ಅವರ ನೋಟಕ್ಕೆ ಎಲ್ಲರೂ ಕಣ್ಣು ತಪ್ಪಿಸಿದರು. ಬುಧವಾರದ ಹೊತ್ತಿಗೆ ಗುಡ್ಡದಲ್ಲಿ ದ್ರೋಹಿಯಲ್ಲದ ಕನ್ನಡಿಗ ಒಬ್ಬನೂ ಉಳಿಯಲಿಲ್ಲ.

ಮನೆಯಲ್ಲಿ ಶಾಂತಮ್ಮ ಏನೂ ಮಾತಾಡಲಿಲ್ಲ. ದಿನಕ್ಕೊಂದು ಮಗನಿಗೆ ಪ್ರಿಯವಾದ ಅಡುಗೆ ಮಾಡಿದರು. ಒಂದು ದಿನ ಮಜ್ಜಿಗೆ ಹುಳಿ, ಒಂದು ದಿನ ಗೊಜ್ಜವಲಕ್ಕಿ, ಒಂದು ದಿನ ಒಬ್ಬಟ್ಟಿನ ಸಾರು. ಚಿದಾನಂದ ದೇವರ ಕಪಾಟಿಗೆ ಬೆನ್ನು ಮಾಡಿ ಊಟಕ್ಕೆ ಕೂತ. ‘ದೇವರ ಮಾತು ನಿಜವಾಗುತ್ತದೆ ಎಂದು ಅಮ್ಮ ಮೊದಲೇ ಹಬ್ಬ ಮಾಡುತ್ತಿದ್ದಾಳೆ’ ಅಂದುಕೊಂಡು ಇನ್ನೊಂದು ಸೌಟು ಹಾಕಿಸಿಕೊಂಡ.

ಗುರುವಾರ ಬ್ಯಾರಿಯೇ ಬಂದ. ಬಾಗಿಲಲ್ಲಿ ಬೂಟು ಬಿಚ್ಚಿ, ಕಾಲುಚೀಲದ ತೂತಿನಿಂದ ಹೊರಬಂದ ಹೆಬ್ಬೆರಳನ್ನು ಇನ್ನೊಂದು ಕಾಲಿನಿಂದ ಮುಚ್ಚಿಕೊಂಡು ನಿಂತ. ಕೈಯಲ್ಲಿ ಹೆಂಡತಿ ಮಾಡಿಕೊಟ್ಟ ಬಿಸ್ಕತ್ತಿನ ಡಬ್ಬ.

“ಚಿದ್,” ಅಂದ, ಅಷ್ಟುದ್ದದ ಹೆಸರಿಗೆ ಅವನಲ್ಲಿ ಉಸಿರಿರಲಿಲ್ಲ. “ಎಣಿಕೆಯಲ್ಲಿ ತಪ್ಪಾಗಿದೆ ಅಂತಲೇ?”

“ಇಲ್ಲ ಇಲ್ಲ. ಎಣಿಕೆ ಸರಿಯಾಗಿದೆ.”

“ಯಾರಾದರೂ ಮೋಸ ಮಾಡಿದರೇ?”

“ಛೆ, ಹಾಗೆಲ್ಲ ಇಲ್ಲ.”

“ಜಯಾ ಗೆದ್ದಿದ್ದಾಳೆ ಅಂತ ಒಪ್ಪುತ್ತೀಯಾ?”

“ಅದನ್ನ… ನೋಡೋಣ.”

ಬ್ಯಾರಿ ಒಂದು ಬಿಸ್ಕತ್ತು ತಾನೇ ತಿಂದ. ನಲವತ್ತು ವರ್ಷ ಜನರ ಮನೆಯ ಕೊಳಾಯಿ ರಿಪೇರಿ ಮಾಡಿದವನಿಗೆ ಒಂದು ತಾಳ್ಮೆ ಇರುತ್ತದೆ: ನೀರು ಜಿನುಗುವುದು ಒಂದು ಕಡೆ, ತೂತು ಇರುವುದು ಇನ್ನೊಂದು ಕಡೆ. ಅವನು ಸುಮ್ಮನೆ ಕಾದ. ಕಾದದ್ದಕ್ಕೆ ಫಲ ಸಿಕ್ಕಿತು. ಚಿದಾನಂದ ದನಿ ತಗ್ಗಿಸಿ, ತಾಯಿ ಅಡುಗೆಮನೆಯಲ್ಲಿದ್ದಾರೆಂದು ಖಾತ್ರಿ ಮಾಡಿಕೊಂಡು, ಹೂವಿನ ಸಂಗತಿಯೆಲ್ಲ ಹೇಳಿಬಿಟ್ಟ.

ಬ್ಯಾರಿ ನಗಲಿಲ್ಲ. “ನೋಡಬಹುದೇ?” ಅಂದ. ದೇವರ ಕಪಾಟಿನ ಮುಂದೆ ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದ. ಆಮೇಲೆ, “ಒಂದು ನಿಮಿಷ,” ಎಂದು ಹೊರಗೆ ತನ್ನ ಸಾಮಾನಿನ ಗಾಡಿ ಯೂಟ್ ಹತ್ತಿರ ಹೋಗಿ, ರಸಮಟ್ಟ ಹಿಡಿದುಕೊಂಡು ವಾಪಸು ಬಂದ. ಶಾಂತಮ್ಮನ ಅಪ್ಪಣೆ ಕೇಳಿ, ಅದನ್ನು ಹಲಗೆಯ ಮೇಲೆ ಇಟ್ಟ. ಒಳಗಿನ ಗುಳ್ಳೆ ತೂಗಾಡಿ ತೂಗಾಡಿ ಸರಿಯಾಗಿ ನಡುವೆ ನಿಂತಿತು.

“ಹಲಗೆ ಮಟ್ಟವಾಗಿದೆ,” ಅಂದ ಬ್ಯಾರಿ ಗಂಭೀರವಾಗಿ. “ಬಲಕ್ಕೆ ವಾಟ ಇಲ್ಲ. ನಿನ್ನ ದೇವರ ಮೇಲೆ ತಪ್ಪು ಹೊರಿಸುವ ಹಾಗಿಲ್ಲ.”

ಚಿದಾನಂದನ ಎದೆ ಇನ್ನಷ್ಟು ಭಾರವಾಯಿತು. ಹಲಗೆ ವಾಲಿದ್ದರೆ ಏನಾದರೂ ದಾರಿ ಇರುತ್ತಿತ್ತು.

“ಇವನು ಒಳ್ಳೇ ಸಂಸ್ಕಾರವಂತ,” ಅಂದರು ಶಾಂತಮ್ಮ, ರಸಮಟ್ಟವನ್ನು ಮೆಚ್ಚಿ ನೋಡುತ್ತ. “ಮುಟ್ಟೋ ಮೊದಲು ಕೇಳ್ದ. ಶನಿವಾರ ಊಟಕ್ಕೆ ಬರಕ್ಕೆ ಹೇಳೋ.”

ಶನಿವಾರ ಮಧ್ಯಾಹ್ನ ಬ್ಯಾರಿ ಬಂದ, ತೂತಿಲ್ಲದ ಕಾಲುಚೀಲ ಹಾಕಿಕೊಂಡು. ವಾಸನೆ ಹಿಡಿದು ರಾಮಮೂರ್ತಿಗಳೂ ಬಂದರು. ಊಟ ಮುಗಿದು, ಎಲೆ ಎತ್ತಿ, ಕಾಫಿ ಬರುವಷ್ಟರಲ್ಲಿ ಕರೆಗಂಟೆಯ ಸದ್ದಾಯಿತು. ಬಾಗಿಲಲ್ಲಿ ಜಯಲಕ್ಷ್ಮಿ. ನೇರ ಡ್ಯೂಟಿಯಿಂದ ಬಂದಿದ್ದಳು. ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ.

ರಾಮಮೂರ್ತಿಗಳು ಎದೆ ಸೆಟೆಸಿ ಕೂತರು. ಶತ್ರುವೇ ಪಾಳಯಕ್ಕೆ ಬಂದಿದ್ದಾಳೆ. ಸಂಧಿಯೋ ಸಮರವೋ ತಿಳಿಯದೆ, ಯಾವುದಕ್ಕೂ ಇರಲಿ ಎಂದು ಒಂದು ಹೋಳಿಗೆ ತೆಗೆದುಕೊಂಡರು.

“ಚಿದಾನಂದಣ್ಣಾರ, ನಿಮಗೊಂದ ಮಾತು ಹೇಳೂದೈತ್ರಿ,” ಅಂದಳು ಜಯಲಕ್ಷ್ಮಿ ಕೂರದೆಯೇ. “ವಾರದಿಂದ ನಿದ್ದಿ ಇಲ್ಲ ನನಗ. ಈ ಸೀಟು ನನಗ ಬ್ಯಾಡ್ರಿ. ನೀವ ತಗೋರಿ.”

ವಾಸಂತಿ ಬ್ಯಾರಿಗೆ ಅನುವಾದ ಮಾಡಿದಳು. ಬ್ಯಾರಿ ಕಾಫಿ ಲೋಟ ಕೆಳಗಿಟ್ಟ.

“ಯಾಕಮ್ಮ? ಗೆದ್ದಿದೀಯಲ್ಲ?” ಅಂದ ಚಿದಾನಂದ. ಇಡೀ ವಾರದಲ್ಲಿ ಅವನು ಆ ಮಾತು ಆಡಿದ್ದು ಅದೇ ಮೊದಲು. ಆಡಿ ನಾಲಿಗೆ ಕಚ್ಚಿಕೊಂಡ.

“ಗೆದ್ದೀನ್ರಿ. ಆದ್ರ ನಮ್ಮ ಬನಶಂಕರಿ ಒಲ್ಲೆ ಅಂದಾಳ್ರಿ. ಅವತ್ತ ಮುಂಜಾನೆ ಡ್ಯೂಟಿ ಮುಗಿಸಿ ಬಂದು, ಜಳಕಾ ಮಾಡಿ, ಹೂವಾ ಕೇಳೀನಿ. ಭೂಮಿ ನಡುಗಿತಲ್ಲರೀ, ಆಗ ಬಿತ್ತು. ಎಡಕ್ಕ.”

ಒಂದೇ ಭೂಕಂಪ. ಗುಡ್ಡದ ಈ ಮನೆಯಲ್ಲಿ ಬಲಕ್ಕೆ, ಅವಳ ಮನೆಯಲ್ಲಿ ಎಡಕ್ಕೆ. ಸೋತವನಿಗೆ ಆಗಲಿ ಎಂದು, ಗೆದ್ದವಳಿಗೆ ಬೇಡ ಎಂದು.

ರಾಮಮೂರ್ತಿಗಳು ಹೋಳಿಗೆ ನುಂಗಿ, “ಇಬ್ಬರು ದೇವರೂ ಕೂಡಿ ಮಾತಾಡ್ಕೊಂಡ ಹಾಗಿದೆ. ಚಿದಾನಂದನಿಗೇ ಬಿಟ್ಟುಕೊಟ್ರೆ ಮುಗೀತು,” ಅಂದರು.

ಬ್ಯಾರಿಗೆ ಇದೂ ಅನುವಾದವಾಯಿತು. ಅವನು ತಲೆಯಲ್ಲಾಡಿಸಿದ. ಹೆಚ್ಚು ಮತ ಬಿದ್ದವರನ್ನು ಬಿಟ್ಟು ಕಡಿಮೆ ಬಿದ್ದವರನ್ನು ನಿಲ್ಲಿಸಲು ನಿಯಮವಿಲ್ಲ. ಗೆದ್ದವಳು ಒಲ್ಲೆ ಅಂದರೆ, ಸೋತವನು ಸೋತೆ ಅನ್ನದಿದ್ದರೆ, ಪಕ್ಷಕ್ಕೆ ಅಭ್ಯರ್ಥಿ ಇಲ್ಲ. ಎದುರಿನವರು ಸುಮ್ಮನೆ ಗೆಲ್ಲುತ್ತಾರೆ. ಗುಡ್ಡದ ಬಸ್ಸಿಗೆ ಎಳ್ಳುನೀರು. “ನಾನು ಎಷ್ಟೋ ಚುನಾವಣೆ ನೋಡಿದ್ದೇನೆ,” ಅಂದ ಬ್ಯಾರಿ. “ಸೋತವನು ಒಪ್ಪದ್ದು ನೋಡಿದ್ದೇನೆ. ಗೆದ್ದವರೂ ಒಪ್ಪದ್ದು ಇದೇ ಮೊದಲು.”

ಶಾಂತಮ್ಮ ಇಷ್ಟು ಹೊತ್ತು ಮೂಲೆಯ ಕುರ್ಚಿಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದರು. “ಬಾಮ್ಮ ಇಲ್ಲಿ,” ಎಂದು ಜಯಲಕ್ಷ್ಮಿಯನ್ನು ಹತ್ತಿರ ಕರೆದರು. “ಅಮ್ಮನ್ನ ಏನಂತ ಕೇಳ್ದೆ ನೀನು?”

“ಗೆದ್ದರ ನನಗ ನೆಮ್ಮದಿ ಇರತೈತೇನವ್ವಾ, ಅಂತ ಕೇಳೀನ್ರಿ ಅಮ್ಮಾರ.”

“ಇರಲ್ಲ ಅಂದ್ಲು.”

“ಹೌದ್ರಿ.”

“ಸರಿಯಾಗೇ ಹೇಳಿದಾಳಲ್ಲ. ಕೌನ್ಸಿಲ್‌ಗೆ ಹೋದೋರಿಗೆ ನೆಮ್ಮದಿ ಎಲ್ಲಿರತ್ತೆ? ಇದ್ದಿದ್ದು ಇದ್ದ ಹಾಗೆ ಹೇಳಿದ ತಾಯಿ ಅವಳು. ಹೋಗಬೇಡ ಅಂತ ಎಲ್ಲಿ ಅಂದ್ಲು? ನೀನು ಅದನ್ನ ಕೇಳೇ ಇಲ್ಲ.”

ಆಸ್ಪತ್ರೆಯಲ್ಲಿ ಎಷ್ಟೋ ಡಾಕ್ಟರುಗಳ ಬಾಯಿ ಮುಚ್ಚಿಸಿದ ಜಯಲಕ್ಷ್ಮಿ ಅಂದು ಕುರ್ಚಿಯೆಳೆದು ಕೂತಳು. “ಹೌದಲ್ರಿ,” ಅಂದಳು. “ನೆಮ್ಮದಿ ಈಗರ ಎಲ್ಲೈತಿ.”

ಬ್ಯಾರಿ ವಾಸಂತಿಯ ಅನುವಾದವನ್ನು ಕೊನೆಯ ಅಕ್ಷರದವರೆಗೂ ಕೇಳಿದ. ಆಮೇಲೆ ಶಾಂತಮ್ಮನ ಕಡೆ ತಿರುಗಿ, ಕೊಳಾಯಿಯ ತೂತು ಕಂಡುಹಿಡಿಯುವ ದನಿಯಲ್ಲಿ, “ಹಾಗಾದರೆ ನೀವು ಏನು ಕೇಳಿದಿರಿ?” ಅಂದ.

ಅನುವಾದ ಮಾಡಲು ಹೊರಟ ವಾಸಂತಿ ಅರ್ಧಕ್ಕೇ ನಿಂತಳು. ಚಿದಾನಂದ ತಾಯಿಯನ್ನು ನೋಡಿದ. ಹೌದು, ಯಾರೂ ಕೇಳಿರಲಿಲ್ಲ. ಗುಡ್ಡದ ಮೇಲೆ ಆ ವಾರ ಮನೆಮನೆಯಲ್ಲೂ ವಿಚಾರಣೆ ನಡೆದಿತ್ತು, ಮುಖ ಮುಖ ನೋಡಿದ್ದಾಗಿತ್ತು. ದೇವರನ್ನು ಕೇಳಿದವರನ್ನು ಮಾತ್ರ ಯಾರೂ ಏನೂ ಕೇಳಿರಲಿಲ್ಲ.

ಶಾಂತಮ್ಮ ಹುರುಳಿಕಾಯಿ ಬುಟ್ಟಿ ಪಕ್ಕಕ್ಕಿಟ್ಟರು. “ಹೇಳಬಹುದೋ ಬೇಡವೋ ಅಂತ ಇವನನ್ನೇ ಕೇಳು ವಾಸಂತಿ. ಯಾರಿಗೆ ಹಾಕ್ದೆ ಅಂತ ಯಾರಿಗೂ ಹೇಳಬಾರದು ಅಂದಿದ್ದ ಅವತ್ತು.”

ರಾಮಮೂರ್ತಿಗಳ ಕೈಯಲ್ಲಿದ್ದ ಎರಡನೇ ಹೋಳಿಗೆ ಬಾಯಿಗೂ ತಟ್ಟೆಗೂ ನಡುವೆ ನಿಂತಿತು.

“ನಿಮ್ಮ ಮತ ನಿಮ್ಮದು. ನೀವಾಗಿ ಹೇಳಿದರೆ ತಪ್ಪಿಲ್ಲ,” ಅಂದ ಬ್ಯಾರಿ.

“ಹಾಗಾದ್ರೆ ಹೇಳ್ತೀನಿ. ‘ಸ್ವಾಮಿ, ಜಯಲಕ್ಷ್ಮಿಗೆ ಹಾಕ್ಲಾ?’ ಅಂತ ಕೇಳ್ದೆ. ಬಲಕ್ಕೆ ಕೊಟ್ಟ. ಹಾಕ್ದೆ.”

ವಾಸಂತಿ ಇದನ್ನು ಅನುವಾದ ಮಾಡಲಿಲ್ಲ. ಅಗತ್ಯವೂ ಇರಲಿಲ್ಲ, ಬ್ಯಾರಿ ಎಲ್ಲರ ಮುಖ ನೋಡಿಯೇ ಅರ್ಥ ಮಾಡಿಕೊಂಡು, ಹೋಳಿಗೆಯ ಡಬ್ಬಿಗೆ ಕೈ ಹಾಕಿದ.

“ಅಮ್ಮಾ,” ಅಂದ ಚಿದಾನಂದ.

“ಹೆತ್ತ ಮಗನ್ನ ಬಿಟ್ಟು ಬೇರೆಯವರಿಗೆ ಹಾಕೋದು ಪಾಪವೇನೋ ಅಂತ ಭಯ ಆಯ್ತಪ್ಪ. ಅದಕ್ಕೇ ಅವನನ್ನ ಕೇಳಿದ್ದು. ಇನ್ಯಾರನ್ನ ಕೇಳಲಿ?”

“ನಾನೇನು ತಪ್ಪು ಮಾಡಿದ್ದೆ?”

“ತಪ್ಪೇನಿಲ್ಲ. ನೀನು ಬಸ್ಸಿನ ಬಗ್ಗೆ ಬಹಳ ಚೆನ್ನಾಗಿ ಮಾತಾಡ್ದೆ, ಇಂಗ್ಲಿಷ್‌ನಲ್ಲಿ. ಎಲ್ಲರೂ ಚಪ್ಪಾಳೆ ಹೊಡೆದ್ರು. ಆದ್ರೆ ನೀನು ಹೋಗೋದು ಕಾರಲ್ಲಿ ಚಿದೂ. ಅವಳು ಬಸ್ಸಲ್ಲಿ ಬರ್ತಾಳೆ. ನಾನು ಮಂಡಿ ನೋವಲ್ಲಿ ಹತ್ತೋವಾಗ ನನ್ನ ಕೈ ಹಿಡಿಯೋದು ಅವಳು. ಗಾಳಿ ಹೊಡೆದ ದಿನ ಬಸ್ ಬರಲಿಲ್ಲ ಅಂತ ಸ್ಟಾಪಲ್ಲೇ ನಿಂತು ಯಾರಿಗೋ ಫೋನ್ ಮಾಡಿ ಬೈದ್ಲು. ಬಸ್ ಬಂತು. ನಿನ್ನನ್ನ ಕೇಳಿದ್ರೆ ನೋಡೋಣ ಅಂತಿದ್ದೆ.”

ರಾಮಮೂರ್ತಿಗಳು ಗಂಟಲು ಸರಿಮಾಡಿಕೊಂಡರು. ಗುಪ್ತ ದ್ರೋಹಿಯನ್ನು ಕಂಡುಹಿಡಿದ ಮೇಲೆ ಏನೆಲ್ಲ ಅನ್ನಬೇಕೆಂದು ಅವರು ವಾರದಿಂದ ಮಾತು ಕೂಡಿಸಿಟ್ಟಿದ್ದರು. ಆದರೆ ದ್ರೋಹಿಯ ಅಡುಗೆಯನ್ನು ಈಗಷ್ಟೇ ಉಂಡಿದ್ದರು. “ಶಾಂತಮ್ಮನೋರೇ, ವಾರಪೂರ್ತಿ ನಾನು ಊರೆಲ್ಲ ಅಲೆದೆ. ಒಂದು ಮಾತು ಹೇಳಬಾರದಿತ್ತಾ?” ಅಂದರು ಅಷ್ಟೆ.

“ನೀವು ನನ್ನ ಮುಖ ನೋಡ್ಲೇ ಇಲ್ಲವಲ್ಲ. ನೋಡಿದ್ರೆ ಹೇಳ್ತಿದ್ನೋ ಏನೋ.”

“ಮತ್ತೆ ದಿನಾ ಮಜ್ಜಿಗೆ ಹುಳಿ, ಗೊಜ್ಜವಲಕ್ಕಿ?” ಅಂದ ಚಿದಾನಂದ ಇನ್ನೂ ಚೇತರಿಸಿಕೊಳ್ಳದೆ. “ನಾನು ಗೆಲ್ಲಲಿ ಅಂತ ಅಲ್ವಾ?”

“ಸೋತಿದೀಯ, ಮಗು ಸಪ್ಪಗಿದಾನೆ, ಸ್ವಲ್ಪ ಬಾಯಿಗೆ ಹಿತವಾಗಿರಲಿ ಅಂತ ಮಾಡ್ದೆ. ಸೋತೋರಿಗೆ ಅಡುಗೆ ಮಾಡಿ ಹಾಕಬಾರದು ಅಂತ ಎಲ್ಲಾದ್ರೂ ಇದೆಯಾ?”

ಚಿದಾನಂದ ದೇವರ ಕಪಾಟಿನ ಕಡೆ ನೋಡಿದ. ಹಿತ್ತಾಳೆಯ ನರಸಿಂಹ ತನ್ನ ಮಟ್ಟವಾದ ಹಲಗೆಯ ಮೇಲೆ ಎಂದಿನಂತೆ ಕೂತಿದ್ದ. ದೇವರ ಮಾತು ಉಳಿಸಲು ಒಂದು ವಾರ ಊರನ್ನೇ ಎದುರು ಹಾಕಿಕೊಂಡಿದ್ದ ಭಕ್ತ. ದೇವರ ಮಾತು ಭಾನುವಾರ ಮಧ್ಯಾಹ್ನವೇ ನಡೆದುಹೋಗಿತ್ತು. ಭಗವಂತನಿಗೆ ನಮ್ಮ ಕಾವಲು ಬೇಕು ಎಂದು ಯಾರು ಹೇಳಿದರೋ ತಿಳಿಯದು. ಆದರೆ ಕಾಯುವವರು ಎಲ್ಲ ಕಾಲದಲ್ಲೂ ಇದ್ದಾರೆ, ಎಲ್ಲ ಊರಿನಲ್ಲೂ.

ಅವನ ಎದೆಯಿಂದ ವಾರದ ಭಾರ ಇಳಿಯಿತು. ಇಳಿದ ಜಾಗದಲ್ಲಿ ಇನ್ನೊಂದು ಸಣ್ಣ ಭಾರ ಬಂದು ಕೂತಿತು. ಅದು ಏನೆಂದು ಅವನಿಗೆ ತಕ್ಷಣ ತಿಳಿಯಲಿಲ್ಲ.

ಮರುದಿನ ಭವನ ಕಿಕ್ಕಿರಿದಿತ್ತು. ಹಿಂದಿನ ವಾರ ಬಾರದವರೂ ಬಂದಿದ್ದರು. ಫೇಸ್‌ಬುಕ್ ಪುಟದವರು ಕ್ಯಾಮೆರಾ ಹಿಡಿದು ಗೋಡೆಗೆ ಒರಗಿದ್ದರು. ಬ್ಯಾರಿ ಚಿದಾನಂದನ ಹೆಸರು ಕರೆದ. ಅವನು ಎದ್ದು ನಿಂತ. ರೂಢಿಯ ಬಲದಿಂದ ಅವನ ಬಾಯಿ ‘ನೋಡೋಣ’ದ ‘ನೋ’ ಎಂಬ ಆಕಾರಕ್ಕೆ ಬಂದಿತು. ಕಡೆಯ ಸಾಲಿನಿಂದ ವಾಸಂತಿ ಕೆಮ್ಮಿದಳು.

“ನಾನು ಸೋತಿದ್ದೇನೆ,” ಅಂದ ಚಿದಾನಂದ. “ಜಯಲಕ್ಷ್ಮಿಯವರ ಆಯ್ಕೆ ಸರ್ವಾನುಮತವಾಗಲಿ ಎಂದು ಸೂಚಿಸುತ್ತೇನೆ. ನಮ್ಮ ಮನೆಯಲ್ಲಿ ಇದು ಮೊದಲೇ ನಿರ್ಧಾರವಾಗಿತ್ತು. ನನಗೆ ಸ್ವಲ್ಪ ತಡವಾಗಿ ತಿಳಿಯಿತು.”

ಜನ ಅದನ್ನು ಜಾಣತನದ ಮಾತೆಂದು ತಿಳಿದು ನಕ್ಕರು, ಆಮೇಲೆ ಚಪ್ಪಾಳೆ ತಟ್ಟಿದರು. ಕೈಗಳೆಲ್ಲ ಮೇಲೆದ್ದವು. ರಾಮಮೂರ್ತಿಗಳ ಕೈ ಎಲ್ಲರಿಗಿಂತ ಕೊನೆಗೆ ಎದ್ದಿತು, ಮೊಣಕೈವರೆಗೆ ಮಾತ್ರ. ಜಯಲಕ್ಷ್ಮಿ ಮುಂದೆ ಬಂದು ಚಿದಾನಂದನ ಕೈಕುಲುಕಿ, ಶಾಂತಮ್ಮನ ಕಾಲಿಗೆ ನಮಸ್ಕಾರ ಮಾಡಿ, ಬಸ್ಸಿನ ವೇಳಾಪಟ್ಟಿಯ ವಿಷಯ ಮಾತಾಡಲು ವೇದಿಕೆ ಹತ್ತಿದಳು. ಚಹಾ ಬಂತು.

ಚಿದಾನಂದ ತಾಯಿಯ ಪಕ್ಕದ ಕುರ್ಚಿಗೆ ಬಂದು ಕೂತ. ಶಾಂತಮ್ಮ ಚಹಾದ ಕಪ್ಪನ್ನು ಎರಡು ಕೈಯಲ್ಲಿ ಹಿಡಿದು ಬಿಸಿ ಕಾಯಿಸಿಕೊಳ್ಳುತ್ತಿದ್ದರು.

“ಬೇಜಾರಾಯ್ತೇನೋ?” ಅಂದರು.

“ಇಲ್ಲಮ್ಮ. ಒಂದೇ ಒಂದು ಕೇಳ್ಬೇಕು ಅಂತ.”

“ಕೇಳು.”

“ಅವತ್ತು ಹೂವು ಎಡಗಡೆ ಬಿದ್ದಿದ್ರೆ ನನಗೆ ಹಾಕ್ತಿದ್ಯಾ?”

ಶಾಂತಮ್ಮ ಚಹಾ ಊದಿ ಒಂದು ಗುಟುಕು ಕುಡಿದರು. ಮಗನ ಮುಖವನ್ನು ಪ್ರೀತಿಯಿಂದ ನೋಡಿದರು.

“ಇಲ್ಲಪ್ಪ,” ಅಂದರು. “ಇನ್ನೊಂದ್ಸಲ ಕೇಳ್ತಿದ್ದೆ.”